ವಿಕ್ಟೋರಿಯಾ ಕಾಲದ ಮರೆತುಹೋದ ಚೆಸ್ ಆಟಗಾರನ ಗುರುತು ಹಚ್ಚುವುದು ಹೇಗೆ?

ಹಳೇ ಚೆಸ್ ಆಟಗಳ ಸಂಗ್ರಹ ತಿರುವಿಹಾಕುತ್ತಿದ್ದರೆ ಕೆಲವು ಹೆಸರುಗಳ ಹತ್ತಿರ ಕಣ್ಣು ನಿಲ್ಲುತ್ತದೆ. ‘ಮಿಸ್ಟರ್ ಬ್ರೋಡಿ’. ‘ಕ್ಯಾಪ್ಟನ್ ಕೆನೆಡಿ’. ‘ಆಲ್ಟರ್’. ಒಮ್ಮೊಮ್ಮೆ ಬರೀ ‘ಅಮೆಚೂರ್’, ಅಂದರೆ ಹವ್ಯಾಸಿ. ಹಲಗೆಯ ಆಚೆ ಕೂತವನು ಸ್ಟೌಂಟನ್ನೋ ಮಾರ್ಫಿಯೋ ಥರದ ಆಗಿನ ದಿಗ್ಗಜ ಆಗಿದ್ದರೆ ಅವನ ಬಗ್ಗೆ ಪುಸ್ತಕಗಳೇ ಇವೆ. ಈಚೆ ಕೂತವನು ಯಾವ ಊರಿನವನು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಅಂತಲೂ ಗೊತ್ತಿರುವುದಿಲ್ಲ. ಅವನನ್ನು ಹುಡುಕುವ ಕೆಲಸದ ಬಹುಪಾಲನ್ನು ನಮ್ಮ ಮನೆಯಲ್ಲೇ ಕೂತು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಬಹುದು.

ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿರಲಿ. ಹುಡುಕುತ್ತಾ ಹೋದ ಹಾಗೆ ನಿಮ್ಮ ಹತ್ತಿರ ಎರಡು ಕಟ್ಟು ಕಾಗದ ಸೇರುತ್ತವೆ. ಒಂದರಲ್ಲಿ ಚೆಸ್: ಆಟಗಳು, ಕ್ಲಬ್ಬು, ಪಂದ್ಯಾವಳಿ. ಇನ್ನೊಂದರಲ್ಲಿ ಸಂಸಾರ: ಹುಟ್ಟು, ಮದುವೆ, ಜನಗಣತಿ, ಉಯಿಲು. ಎರಡರಲ್ಲೂ ಒಂದೇ ಹೆಸರಿದೆ ಅಂದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುವುದಿಲ್ಲ. ಎರಡೂ ಕಟ್ಟುಗಳಿಗೆ ಸೇರುವ ಒಂದೇ ಒಂದು ಕಾಗದ ಬೇಕು. ಅದನ್ನು ಕೊಂಡಿ ದಾಖಲೆ ಅನ್ನೋಣ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಅದನ್ನು ಹುಡುಕುವುದಕ್ಕೇ ಇರುವುದು.

ಹೆಜ್ಜೆ 1: ಇರುವುದನ್ನು ಇದ್ದ ಹಾಗೇ ಬರೆದುಕೊಳ್ಳಿ

ಹೆಸರು ಅಚ್ಚಾದ ಹಾಗೆಯೇ ಇರಲಿ. ಕಾಗುಣಿತ ತಿದ್ದಬೇಡಿ, ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಡಿ. ಆಟ ಎಲ್ಲಿ ಅಚ್ಚಾಯಿತು, ಯಾವ ದಿನ, ಎದುರಾಳಿ ಯಾರು, ಎಲ್ಲಿ ಆಡಿದ್ದು, ಇಷ್ಟನ್ನೂ ಗುರುತು ಮಾಡಿಕೊಳ್ಳಿ. ಅಚ್ಚಾದ ದಿನವೇ ಆಡಿದ ದಿನ ಅಂದುಕೊಳ್ಳಬೇಡಿ. ಆಗಿನ ಅಂಕಣಕಾರರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಳೆಯ ಆಟಗಳನ್ನೂ ಪೆಟ್ಟಿಗೆಯಿಂದ ತೆಗೆದು ಹಾಕುತ್ತಿದ್ದರು.

ಜನ ಸಾಮಾನ್ಯವಾಗಿ ಗಮನ ಕೊಡದ ಒಂದು ಸುಳಿವಿದೆ. ಆ ಕಾಲದಲ್ಲಿ ಗಟ್ಟಿ ಆಟಗಾರ ಎದುರಾಳಿಗೆ ರಿಯಾಯಿತಿ ಕೊಟ್ಟು ಆಡುವುದು ರೂಢಿ. ‘ಪಾನ್ ಅಂಡ್ ಮೂವ್’ ಅಂದರೆ ಬಲವಾದವನು ಕಪ್ಪು ಕಾಯಿ ತಗೊಂಡು, ತನ್ನ ಎಫ್7 ಪದಾತಿಯನ್ನು ತೆಗೆದಿಟ್ಟು ಆಡುತ್ತಾನೆ. ಇನ್ನೂ ದುರ್ಬಲರಿಗೆ ಕುದುರೆ, ಆನೆ, ತೀರಾ ಹೊಸಬರಿಗೆ ರಾಣಿಯನ್ನೇ ಬಿಟ್ಟುಕೊಡುವುದಿತ್ತು. ಇದು ನಿಮಗೆ ಅಳತೆಕೋಲು. ಒಂದೇ ಹೆಸರಿನವನು ಈ ವರ್ಷ ರಾಣಿಯ ರಿಯಾಯಿತಿ ಪಡೆದು ಸೋತಿದ್ದಾನೆ, ಅದೇ ವರ್ಷ ಇನ್ನೊಂದು ಕಡೆ ಘಟಾನುಘಟಿಗಳ ಜೊತೆ ಸಮಸಮ ಆಡಿದ್ದಾನೆ ಅಂದರೆ, ಅವರಿಬ್ಬರೂ ಬೇರೆ ಬೇರೆ ಅಂತ ಅನುಮಾನಪಡುವುದು ಒಳ್ಳೆಯದು.

ನಡೆಗಳ ಬರವಣಿಗೆಯೂ ಹಳೇ ಪದ್ಧತಿಯದು. ‘ಪಿ ಟು ಕೆ 4’ ಅಂದರೆ ರಾಜನ ಸಾಲಿನ ನಾಲ್ಕನೇ ಮನೆಗೆ ಪದಾತಿ; ಈಗಿನ ಬರವಣಿಗೆಯಲ್ಲಿ ಬಿಳಿಯ ಕಡೆಯಿಂದ ಇ4, ಕಪ್ಪಿನ ಕಡೆಯಿಂದ ಇ5. ಇಬ್ಬರೂ ತಂತಮ್ಮ ಕಡೆಯಿಂದ ಮನೆ ಎಣಿಸುತ್ತಾರೆ. ಅರ್ಧ ಗಂಟೆ ಕೂತರೆ ಕೈಗೆ ಹತ್ತುತ್ತದೆ. ಆಟವನ್ನು ಈಗಿನ ಪದ್ಧತಿಗೆ ಇಳಿಸಿ ಚೆಸ್ ಆಟಗಳ ಡೇಟಾಬೇಸ್‌ನಲ್ಲಿ ಹುಡುಕಿ. ಅದೇ ಆಟ ಬೇರೊಂದು ಪತ್ರಿಕೆಯಲ್ಲಿ ಪೂರ್ತಿ ಹೆಸರಿನ ಜೊತೆ ಬಂದಿರಬಹುದು.

ಹೆಜ್ಜೆ 2: ಹೆಸರಿನ ಹಿಂದುಮುಂದಿನ ಬಾಲ ಓದಿ

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಯಾರನ್ನೂ ಸುಮ್ನೆ ಹೆಸರಿಟ್ಟು ಕರೆಯುತ್ತಿರಲಿಲ್ಲ. ‘ಎಸ್ಕ್ವೈರ್’ ಅಂತ ಇದ್ದರೆ ಅನುಕೂಲಸ್ಥ. ‘ಹೆರ್’ ಅಂತಿದ್ದರೆ ಜರ್ಮನ್ ಮಾತಾಡುವವನು, ಎಷ್ಟೋ ಸಲ ಚೆಸ್ಸನ್ನೇ ನಂಬಿಕೊಂಡವನು. ಲಂಡನ್ನಿನ ಸ್ಟ್ರಾಂಡ್ ಬೀದಿಯ ಸಿಂಪ್ಸನ್ಸ್ ದಿವಾನ್ ಅನ್ನುವ ಚೆಸ್ ಆಡುವವರ ಅಡ್ಡೆಯಲ್ಲಿ ಆಟಕ್ಕೆ ಒಂದು ಶಿಲ್ಲಿಂಗ್ ಪಣ ಇಟ್ಟು ಆಡಿ ದಿನ ದೂಡುತ್ತಿದ್ದ ವೃತ್ತಿಪರರಿದ್ದರು. ಅವರ ಎದುರು ಕೂತು ಶಿಲ್ಲಿಂಗ್ ಕಳೆದುಕೊಳ್ಳುತ್ತಿದ್ದವರೇ ನಮ್ಮ ಅಮೆಚೂರ್‌ಗಳು.

‘ರೆವರೆಂಡ್’ ಅಂತ ಕಂಡರೆ ಖುಷಿಪಡಿ. ಆ ಕಾಲದ ಇಂಗ್ಲಿಷ್ ಚೆಸ್ಸಿನಲ್ಲಿ ಪಾದ್ರಿಗಳು ಜಾಸ್ತಿ. ಓವೆನ್, ವೇಟ್, ರ‍್ಯಾಂಕನ್, ಸ್ಕಿಪ್‌ವರ್ತ್, ಮ್ಯಾಕ್‌ಡಾನೆಲ್ ಎಲ್ಲರೂ ಪಾದ್ರಿಗಳೇ. ಇಂಗ್ಲೆಂಡ್ ಚರ್ಚಿನ ಪಾದ್ರಿಗಳ ವಿವರ 1858ರಿಂದ ಕ್ರಾಕ್‌ಫರ್ಡ್ ಡೈರೆಕ್ಟರಿಯಲ್ಲಿ ಸಿಗುತ್ತದೆ: ಎಲ್ಲಿ ಓದಿದ, ಯಾವಾಗ ದೀಕ್ಷೆ, ಯಾವ ಯಾವ ಚರ್ಚಿನಲ್ಲಿದ್ದ. ವೈದ್ಯನಾದರೆ ಮೆಡಿಕಲ್ ಡೈರೆಕ್ಟರಿ, ವಕೀಲನಾದರೆ ಲಾ ಲಿಸ್ಟ್, ಸೈನಿಕನಾದರೆ ಆರ್ಮಿ ಲಿಸ್ಟ್. ಬರೀ ‘ಮಿಸ್ಟರ್’ ಆಗಿದ್ದರೆ ಕಷ್ಟ. ಅವನು ಬ್ಯಾಂಕ್ ಗುಮಾಸ್ತನೂ ಆಗಿರಬಹುದು, ಉಣ್ಣೆ ವ್ಯಾಪಾರಿಯೂ ಆಗಿರಬಹುದು.

ಹೆಜ್ಜೆ 3: ಬೇರೆಯವರು ಮುಗಿಸಿದ ಕೆಲಸ ಮತ್ತೆ ಮಾಡಬೇಡಿ

ಜೆರೆಮಿ ಗೇಜ್ ಅನ್ನುವವರು ಸಾವಿರಾರು ಚೆಸ್ ವ್ಯಕ್ತಿಗಳ ಹುಟ್ಟು ಸಾವಿನ ವಿವರ ಒಟ್ಟುಮಾಡಿ 1987ರಲ್ಲಿ ‘ಚೆಸ್ ಪರ್ಸನಾಲಿಯಾ’ ಅಂತ ಪುಸ್ತಕ ತಂದರು. ಮೊದಲು ಅದರಲ್ಲಿ ನೋಡಿ. ಆಮೇಲೆ ಯಾರ್ಕ್‌ಷೈರ್ ಥರದ ಪ್ರಾಂತ್ಯಗಳ ಚೆಸ್ ಇತಿಹಾಸದ ತಾಣಗಳು. ಅಲ್ಲಿ ಸಿಕ್ಕರೂ ಕಣ್ಣು ಮುಚ್ಚಿ ನಂಬಬೇಡಿ, ಅವರು ಯಾವ ಮೂಲ ಕೊಟ್ಟಿದ್ದಾರೆ ನೋಡಿ. ಯಾರೋ ಒಬ್ಬರು ಊಹೆ ಮಾಡಿದ್ದನ್ನು ಹತ್ತು ಕಡೆ ನಕಲು ಮಾಡಿದರೆ ಅದು ಹತ್ತು ಸಾಕ್ಷಿ ಆಗುವುದಿಲ್ಲ, ಅಲ್ವಾ?

ಹೆಜ್ಜೆ 4: ಪತ್ರಿಕೆಗಳು. ಇಲ್ಲಿ ಸಮಯ ಕಳೆಯಿರಿ

ಒಟ್ಟು ಸಮಯದಲ್ಲಿ ಮುಕ್ಕಾಲು ಪಾಲು ಇಲ್ಲೇ ಹೋಗುತ್ತದೆ, ಹೋಗಬೇಕು ಕೂಡ. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಚೆಸ್ ಅಂಕಣವನ್ನು ಹೊವರ್ಡ್ ಸ್ಟೌಂಟನ್ 1845ರಿಂದ ತಾನು ಸಾಯುವವರೆಗೆ, ಅಂದರೆ 1874ರವರೆಗೆ ಬರೆದ. ‘ಬೆಲ್ಸ್ ಲೈಫ್’ನಲ್ಲಿ ಜಾರ್ಜ್ ವಾಕರ್. ‘ದಿ ಫೀಲ್ಡ್’ನಲ್ಲಿ 1873ರಿಂದ 1882ರವರೆಗೆ ಸ್ಟೈನಿಟ್ಸ್. ಚೆಸ್‌ಗೇ ಮೀಸಲಾದ ಪತ್ರಿಕೆಗಳಲ್ಲಿ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ 1841ರಲ್ಲೂ ‘ಬ್ರಿಟಿಷ್ ಚೆಸ್ ಮ್ಯಾಗಝೀನ್’ 1881ರಲ್ಲೂ ಶುರುವಾದವು. ಇವುಗಳ ಹಳೇ ಸಂಪುಟಗಳು ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಸಾಕಷ್ಟು ಪುಕ್ಕಟೆ ಸಿಗುತ್ತವೆ. ಊರೂರಿನ ಪತ್ರಿಕೆಗಳಿಗೆ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಇದೆ. ಅಲ್ಲಿ ಹುಡುಕಾಟ ಉಚಿತ, ಪುಟ ತೆರೆಯಲು ಸಾಮಾನ್ಯವಾಗಿ ಚಂದಾ ಬೇಕು. ನನ್ನ ಸಲಹೆ: ಮೊದಲು ಪುಕ್ಕಟೆಯಾಗಿಯೇ ಹುಡುಕಿ, ಬೇಕಾದ ಪುಟಗಳ ಪಟ್ಟಿ ಮಾಡಿಟ್ಟುಕೊಂಡು, ಆಮೇಲೆ ಒಂದೇ ತಿಂಗಳ ಚಂದಾ ಕಟ್ಟಿ ಎಲ್ಲ ಇಳಿಸಿಕೊಳ್ಳಿ.

ಹೆಸರು ಹಾಕಿ ಒಂದು ಸಲ ಹುಡುಕಿ, ಸಿಗಲಿಲ್ಲ ಅಂತ ಕೈಬಿಡುವವರೇ ಹೆಚ್ಚು. ಹಳೇ ಅಚ್ಚನ್ನು ಯಂತ್ರ ಓದುವಾಗ ಅಕ್ಷರಗಳು ಅದಲುಬದಲಾಗುತ್ತವೆ. ಹಾಗಾಗಿ ಹೆಸರಿನ ಬದಲು ಊರು ಹಾಕಿ, ಜೊತೆಗೆ ‘ಚೆಸ್ ಕ್ಲಬ್’ ಅಂತ ಹಾಕಿ. ಎದುರಾಳಿಯ ಹೆಸರು ಹಾಕಿ. ‘ಆನರರಿ ಸೆಕ್ರೆಟರಿ’ಯ (ಕ್ಲಬ್ಬಿನ ಗೌರವ ಕಾರ್ಯದರ್ಶಿ) ಸಂಕ್ಷಿಪ್ತ ರೂಪ ‘Hon. Sec.’ ಹಾಕಿ. ವರ್ಷವನ್ನು ಹಿಂದೆ ಮುಂದೆ ಐದೈದು ಸರಿಸಿ.

ಮೊದಲು ನೋಡಬೇಕಾದ್ದು ಆಟಗಳನ್ನಲ್ಲ, ಅಂಕಣದ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾದ ಭಾಗಗಳನ್ನು. ಒಂದು, ಅಂಕಣದಲ್ಲಿ ಕೊಟ್ಟ ಚೆಸ್ ಸಮಸ್ಯೆ, ಅಂದರೆ ಒಗಟು, ಬಿಡಿಸಿದ ಓದುಗರ ಪಟ್ಟಿ. ವಾರವಾರವೂ ಅದೇ ಹೆಸರುಗಳು, ಅಡ್ಡಹೆಸರುಗಳು, ಎಷ್ಟೋ ಸಲ ಊರಿನ ಸಮೇತ. ಒಬ್ಬನ ಹೆಸರು ಐದು ವರ್ಷ ಒಂದು ಊರಿನ ಜೊತೆ ಬಂದು, ಆಮೇಲೆ ಇನ್ನೊಂದು ಊರಿನ ಜೊತೆ ಬಂದರೆ, ಅವನು ಯಾವ ವರ್ಷ ಮನೆ ಬದಲಾಯಿಸಿದ ಅಂತ ನಿಮಗೆ ಸಿಕ್ಕಿತು. ಇನ್ನೊಂದು, ಓದುಗರಿಗೆ ಸಂಪಾದಕರ ಉತ್ತರ. ಪ್ರಶ್ನೆ ಅಚ್ಚಾಗುವುದಿಲ್ಲ, ಉತ್ತರ ಮಾತ್ರ, ಅದೂ ಇನಿಷಿಯಲ್‌ಗೆ. ಸ್ಟೌಂಟನ್ ಉತ್ತರಗಳಲ್ಲಂತೂ ಖಾರ ಜಾಸ್ತಿ. ಮೂರನೆಯದು, ಕ್ಲಬ್ಬಿನ ವಾರ್ಷಿಕ ಸಭೆಯ ವರದಿ. ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ ಅಂತ ಪಟ್ಟಿ ಬರುವುದು ಅಲ್ಲೇ, ಎಷ್ಟೋ ಸಲ ಪೂರ್ತಿ ಹೆಸರಿನ ಜೊತೆ.

ಅಡ್ಡಹೆಸರಿನ ವಿಷಯಕ್ಕೆ ಬಂದರೆ, ಕೆಲವು ಆಗಲೇ ಬಯಲಾಗಿವೆ. ‘ಮಾರ್ಸ್’ ಅಂತ ಬರೆಯುತ್ತಿದ್ದವನು ರೆವರೆಂಡ್ ಜಿ. ಎ. ಮ್ಯಾಕ್‌ಡಾನೆಲ್. ‘ಆಲ್ಟರ್’ ಅಂತ ಆಡುತ್ತಿದ್ದವನು ರೆವರೆಂಡ್ ಜಾನ್ ಓವೆನ್. ನಿಮ್ಮ ಅಡ್ಡಹೆಸರು ಬಯಲಾಗಿಲ್ಲದಿದ್ದರೆ, ಅದು ಯಾವ ವಾರದಿಂದ ನಿಂತುಹೋಯಿತು ನೋಡಿ. ಅದೇ ಹೊತ್ತಿಗೆ ಅದೇ ಅಂಕಣದಲ್ಲಿ ಯಾರದಾದರೂ ಸಾವಿನ ಸುದ್ದಿ ಬಂದಿದೆಯಾ? ಇಲ್ಲ, ಯಾರಾದರೂ ಹಡಗು ಹತ್ತಿದರಾ? ಹತ್ತಿದ್ದರೆ ಹಳೇ ಪತ್ರಿಕೆಗಳ ತಾಣಗಳಾದ ಆಸ್ಟ್ರೇಲಿಯಾದ ‘ಟ್ರೋವ್’, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ಎರಡೂ ಪುಕ್ಕಟೆ. ಅಲ್ಲೂ ನೋಡಿ.

ಹೆಜ್ಜೆ 5: ಒಂದೇ ಹೆಸರಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ

1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಇದ್ದದ್ದೇ ಹದಿನಾರು ಜನ. ಅವರಲ್ಲೂ ಇಬ್ಬರು ಕೆನೆಡಿಗಳು! ಕ್ಯಾಪ್ಟನ್ ಎಚ್. ಎ. ಕೆನೆಡಿ ಮೊದಲ ಸುತ್ತಿನಲ್ಲಿ ಜರ್ಮನಿಯ ಮಯೆಟ್‌ನನ್ನು ಸೋಲಿಸಿದ. ಇ. ಎಸ್. ಕೆನೆಡಿ ಅದೇ ಸುತ್ತಿನಲ್ಲಿ ಮಕ್ಲೋ ಎದುರು ಸೋತ. ಯಾವುದೋ ಪತ್ರಿಕೆಯಲ್ಲಿ ಸುಮ್ನೆ ‘ಮಿಸ್ಟರ್ ಕೆನೆಡಿ’ ಅಂತ ಓದಿ ಒಬ್ಬನ ಕಥೆಯನ್ನು ಇನ್ನೊಬ್ಬನ ತಲೆಗೆ ಕಟ್ಟಲು ಎಷ್ಟು ಹೊತ್ತು? ಹದಿನಾರರಲ್ಲೇ ಹೀಗಾದರೆ ಇಡೀ ದೇಶದಲ್ಲಿ ಹೇಗಿರಬೇಡ.

ಹಾಗಾಗಿ ಮೊದಲು ಕಂಡವನನ್ನೇ ಹಿಡಿದುಕೊಳ್ಳಬೇಡಿ. ಹೆಸರು, ವಯಸ್ಸು, ಊರು ಹೊಂದುವ ಎಲ್ಲರನ್ನೂ ಪಟ್ಟಿ ಮಾಡಿ. ಜಾನ್ ಓವೆನ್ ಉದಾಹರಣೆಯನ್ನೇ ತಗೊಳ್ಳಿ. ವೇಲ್ಸ್ ಕಡೆ ಓವೆನ್ ಅಂದರೆ ನಮ್ಮಲ್ಲಿ ಗೌಡ, ಪಾಟೀಲ ಇದ್ದ ಹಾಗೆ. ಹೆಸರೊಂದನ್ನೇ ಹಿಡಿದು ಹೋದರೆ ಜಾನ್ ಓವೆನ್‌ಗಳ ಸಂತೆಯಲ್ಲೇ ಕಳೆದುಹೋಗುತ್ತೀರಿ. ಆದರೆ ನಮ್ಮವನು ಪಾದ್ರಿ ಅಂತ ಗೊತ್ತು. 1858ರಲ್ಲಿ ಮಾರ್ಫಿಯನ್ನು ಒಂದು ಆಟದಲ್ಲಿ ಸೋಲಿಸಿದ್ದಾನೆ, 1862ರ ಲಂಡನ್ ಪಂದ್ಯಾವಳಿಯಲ್ಲಿ ಆಂಡರ್ಸನ್, ಪೌಲ್ಸನ್ ನಂತರ ಮೂರನೆಯವನಾಗಿ ಬಂದಿದ್ದಾನೆ. ಅಂದರೆ ಅಷ್ಟು ಹೊತ್ತಿಗೆ ದೀಕ್ಷೆ ಪಡೆದಿರಬೇಕು. ಕ್ರಾಕ್‌ಫರ್ಡ್ ತೆರೆದರೆ ಓವೆನ್‌ಗಳು ಬೆರಳೆಣಿಕೆಗೆ ಇಳಿಯುತ್ತಾರೆ. ಕೇಂಬ್ರಿಜ್ ಹಳೇ ವಿದ್ಯಾರ್ಥಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಟ್ರಿನಿಟಿ ಕಾಲೇಜಿನವನೊಬ್ಬ ಸಿಗುತ್ತಾನೆ. 1862ರಿಂದ 1900ರವರೆಗೆ ಚೆಷೈರ್‌ನ ಹೂಟನ್‌ನಲ್ಲಿ ವಿಕಾರ್ (ಊರ ಚರ್ಚಿನ ಪಾದ್ರಿ) ಆಗಿದ್ದವನು. ಆ ಊರು ಲಿವರ್‌ಪೂಲ್‌ಗೆ ಹತ್ತಿರ. ಇನ್ನು ಆ ಕಡೆಯ ಪತ್ರಿಕೆಗಳಲ್ಲಿ ‘ಹೂಟನ್ನಿನ ಓವೆನ್’ ಚೆಸ್ ಆಡಿದ ವರದಿ ಹುಡುಕುವುದಷ್ಟೇ ಉಳಿಯುವುದು. ವೃತ್ತಿ ಮೊದಲು, ಊರು ಆಮೇಲೆ, ಹೆಸರು ಕೊನೆಗೆ. ಈ ಕ್ರಮ ತಿರುಗಿಸಬೇಡಿ.

ಹೆಜ್ಜೆ 6: ಜರಡಿ ಹಿಡಿಯಿರಿ

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್‌ನಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು ಅದೇ ವರ್ಷ ಜುಲೈ 1ರಂದು. ನಮ್ಮ ಅದೃಷ್ಟ. ಸ್ಕಾಟ್ಲೆಂಡಿಗೆ ಅದು 1855ರಲ್ಲಿ ಬಂತು, ಐರ್ಲೆಂಡಿಗೆ ಪೂರ್ತಿಯಾಗಿ 1864ರಲ್ಲಿ. ಸೂಚಿಗಳನ್ನು ‘ಫ್ರೀ ಬಿಎಂಡಿ’ ಅನ್ನುವ ತಾಣದಲ್ಲಿ ಹಣ ಕೊಡದೆ ನೋಡಬಹುದು. ನೋಂದಣಿ ಕಚೇರಿಯ ಹೊಸ ಆನ್‌ಲೈನ್ ಸೂಚಿಯಲ್ಲಿ ಮಗುವಿನ ತಾಯಿಯ ತವರುಮನೆ ಹೆಸರೂ, ಸತ್ತವರ ವಯಸ್ಸೂ 1837ರಿಂದಲೇ ಇವೆ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ಇದು ತುಂಬಾ ಕೆಲಸಕ್ಕೆ ಬರುತ್ತದೆ.

ಜನಗಣತಿ ಹತ್ತು ವರ್ಷಕ್ಕೊಮ್ಮೆ. 1841ರದ್ದನ್ನು ಹುಷಾರಾಗಿ ಓದಿ: ಹದಿನೈದು ದಾಟಿದವರ ವಯಸ್ಸನ್ನು ಬಹಳಷ್ಟು ಕಡೆ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಅಲ್ಲಿ 30 ಅಂತಿದ್ದರೆ 34 ಕೂಡ ಇರಬಹುದು. ಹುಟ್ಟಿದ ಊರು, ಮನೆಯ ಯಜಮಾನನಿಗೆ ಏನಾಗಬೇಕು ಅನ್ನುವುದು 1851ರಿಂದ ಸಿಗುತ್ತದೆ. 1881ರದ್ದು ‘ಫ್ಯಾಮಿಲಿಸರ್ಚ್’ನಲ್ಲಿ ಉಚಿತ. ಐರ್ಲೆಂಡಿನಲ್ಲಿ ಮಾತ್ರ 1901, 1911ರ ಗಣತಿಗಳು ಪೂರ್ತಿ ಉಳಿದಿವೆ. ಅದಕ್ಕೂ ಹಿಂದಿನವು ಬಹುತೇಕ ಹಾಳಾಗಿವೆ.

ನನ್ನ ಕೇಳಿದರೆ ಎಲ್ಲಕ್ಕಿಂತ ಉಪಯೋಗ ಉಯಿಲಿನ ಸೂಚಿ, ಅಂದರೆ ಪ್ರೊಬೇಟ್ ಕ್ಯಾಲೆಂಡರ್. 1858ರಿಂದ ಮುಂದಕ್ಕೆ ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದೇ. ಸಾಮಾನ್ಯವಾಗಿ ನಾಲ್ಕೈದು ಸಾಲಿನಲ್ಲಿ ಹೆಸರು, ವಿಳಾಸ, ಸತ್ತ ದಿನ, ಆಸ್ತಿಯ ಮೊತ್ತ, ಉಯಿಲು ಜಾರಿ ಮಾಡಿದವರ ಹೆಸರು, ಎಷ್ಟೋ ಸಲ ವೃತ್ತಿಯೂ ಸಿಕ್ಕಿಬಿಡುತ್ತವೆ. ಆಸ್ತಿ ಇಲ್ಲದವರು ಇದರಲ್ಲಿ ಬರುವುದಿಲ್ಲ, ಅದನ್ನೂ ನೆನಪಿಡಿ.

ಜರಡಿಯ ನಿಯಮ ಒಂದೇ. ಇವನೇ ಅಂತ ಸಾಧಿಸಲು ಹೊರಡಬೇಡಿ, ಇವನಲ್ಲ ಅಂತ ಸಾಧಿಸಲು ನೋಡಿ. ಆಟ ನಡೆದ ವರ್ಷ ಬದುಕಿದ್ದನಾ? ಆಗ ವಯಸ್ಸೆಷ್ಟು? ಊರಲ್ಲಿದ್ದನಾ? ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ಉದುರಿ ಕೊನೆಗೆ ಒಬ್ಬ ಉಳಿದರೆ ಅವನ ಮೇಲೆ ಸಮಯ ಹಾಕಿ.

ಹೆಣ್ಣುಮಕ್ಕಳನ್ನು ಹುಡುಕುವಾಗ

ಇದು ಬೇರೆಯದೇ ಕಷ್ಟ. ಮದುವೆಯಾದ ಮೇಲೆ ಅವಳ ಸ್ವಂತ ಹೆಸರೇ ಮಾಯ. ಫ್ರಿಡ್‌ಸ್ವೈಡ್ ಬೀಚಿ ಅನ್ನುವವಳು ಚೆಸ್ ಸಮಸ್ಯೆ ರಚಿಸುತ್ತಿದ್ದಳು. ಮದುವೆಯಾದ ಮೇಲೆ ಅಚ್ಚಿನಲ್ಲಿ ‘ಮಿಸೆಸ್ ಟಿ. ಬಿ. ರೋಲೆಂಡ್’. ಅಲ್ಲಿರುವ ಟಿ. ಬಿ. ಗಂಡನ ಇನಿಷಿಯಲ್! ಹಾಗಾಗಿ ‘ಮಿಸೆಸ್’ ಅಂತ ಕಂಡರೆ ಮೊದಲು ಗಂಡನನ್ನು ಹುಡುಕಿ, ಅವನ ಮದುವೆ ದಾಖಲೆಯಿಂದ ಅವಳ ತವರು ಹೆಸರು ತೆಗೆಯಿರಿ, ಆಮೇಲೆ ಆ ಹೆಸರಿನಲ್ಲಿ ಹಳೇ ಅಂಕಣಗಳನ್ನು ಮತ್ತೆ ಓದಿ.

ಮದುವೆಯಾಗದವರಲ್ಲಿ ಇನ್ನೊಂದು ಸೂಕ್ಷ್ಮ. ಮನೆಯಲ್ಲಿ ಮದುವೆಯಾಗದ ಅಕ್ಕತಂಗಿಯರಿದ್ದರೆ, ‘ಮಿಸ್’ ಜೊತೆ ಬರೀ ಮನೆತನದ ಹೆಸರು ಹಾಕುವುದು ಹಿರಿಯಳಿಗೆ. ಕಿರಿಯರಿಗೆ ಅವರವರ ಹೆಸರೋ ಇನಿಷಿಯಲ್ಲೋ ಸೇರುತ್ತದೆ. ಅಕ್ಕನ ಮದುವೆಯಾದರೆ ಪಟ್ಟ ಮುಂದಿನವಳಿಗೆ.

1897ರಲ್ಲಿ ಲಂಡನ್ನಿನಲ್ಲಿ ಮಹಿಳೆಯರ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದ ಮೇರಿ ರಜ್ ಕೂಡ ದಶಕಗಟ್ಟಲೆ ಮರೆತುಹೋಗಿದ್ದವಳೇ. ಇಪ್ಪತ್ತು ಜನರ ನಡುವೆ ಹತ್ತೊಂಬತ್ತು ಆಟದಲ್ಲಿ ಹದಿನೆಂಟು ಗೆಲುವು, ಒಂದು ಡ್ರಾ. ಆಗ ಅವಳಿಗೆ 55 ವರ್ಷ. ಹಿಂದಕ್ಕೆ ಎಣಿಸಿದರೆ 1842ರ ಸುಮಾರು ಹುಟ್ಟು. ಹಾಗಾದರೆ 1841ರ ಗಣತಿಯಲ್ಲಿ ಅವಳನ್ನು ಹುಡುಕುವುದು ದಂಡ. 1851ರಲ್ಲಿ ಒಂಬತ್ತು, 1861ರಲ್ಲಿ ಹತ್ತೊಂಬತ್ತು, 1871ರಲ್ಲಿ ಇಪ್ಪತ್ತೊಂಬತ್ತರ ಆಸುಪಾಸಿನ ಮೇರಿ ರಜ್ ಕಾಣಬೇಕು. ಹೆರೆಫರ್ಡ್‌ಷೈರ್‌ನ ಲೆಮ್‌ಸ್ಟರ್ ಅವಳ ಊರು, ಆಮೇಲೆ ಬ್ರಿಸ್ಟಲ್, ಕೆಲಕಾಲ ಐರ್ಲೆಂಡ್. ಮದುವೆಯಾಗಲಿಲ್ಲ, ಹಾಗಾಗಿ ಹೆಸರು ಬದಲಾಗಲಿಲ್ಲ. ಆದರೆ ಮನೆಯಲ್ಲಿ ಅಕ್ಕಂದಿರಿದ್ದರು. ಬರೀ ‘ಮಿಸ್ ರಜ್’ ಅಂತ ಕಂಡಾಗಲೆಲ್ಲ ಅದು ಮೇರಿಯೇ ಅಂತ ತೀರ್ಮಾನಿಸಬಾರದು.

ಭಾರತಕ್ಕೆ ಬಂದವರು, ಇಲ್ಲೇ ಇದ್ದವರು

ಆಟಗಾರ ಕೆಲವು ವರ್ಷ ಇದ್ದಕ್ಕಿದ್ದ ಹಾಗೆ ಕಾಣೆಯಾದರೆ ಭಾರತಕ್ಕೆ ಬಂದಿರಬಹುದು. ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಾ ಅಲ್ಲೇ ನೂರಾರು ಆಟ ಆಡಿದ. ಇಂಥವರಿಗೆ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು. ಇಲ್ಲಿನ ಚರ್ಚುಗಳ ನಾಮಕರಣ, ಮದುವೆ, ಸಮಾಧಿ ವಿವರಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಆ ದಾಖಲೆ ಸಾಲುಗಳ ಗುರುತು ಹೀಗೆ: ‘ಎನ್/1’ ಬಂಗಾಳ, ‘ಎನ್/2’ ಮದ್ರಾಸ್, ‘ಎನ್/3’ ಬಾಂಬೆ. ನಮ್ಮ ಬೆಂಗಳೂರು ದಂಡಿನಲ್ಲಿದ್ದ ಅಧಿಕಾರಿಯಾದರೆ ಮದ್ರಾಸ್ ಸಾಲಿನಲ್ಲಿ ನೋಡಿ.

ಕಾಕ್ರೇನ್‌ನ ಎದುರಾಳಿಯದ್ದು ಇನ್ನೂ ಕುತೂಹಲದ ಕಥೆ. ಇಂಗ್ಲಿಷ್ ಅಚ್ಚಿನಲ್ಲಿ ಅವನು ‘ಮೊಹೆಶ್ಚುಂದರ್ ಬ್ಯಾನರ್ಜಿ’, ಇನ್ನೂ ಕೆಲವು ಕಡೆ ಬರೀ ‘ದಿ ಬ್ರಾಮಿನ್’. ಕುದುರೆ ಮುಂದಿಟ್ಟು, ಜಿ6 ಆಡಿ, ರಾಜನ ಕಡೆಯ ಜಿ7 ಮನೆಯಲ್ಲಿ ಬಿಷಪ್ ಕೂರಿಸುವ ‘ಇಂಡಿಯನ್ ಡಿಫೆನ್ಸ್’ ಆಟಗಳು ಅವನ ಕೈಯಿಂದ ಬಂದಿವೆ. ಈಗ ಗ್ರೂನ್‌ಫೆಲ್ಡ್ ಅನ್ನುವ ರಕ್ಷಣೆಯನ್ನು 1855ರಲ್ಲೇ ಆಡಿದ್ದಾನೆ. ಇಂಥ ಹೆಸರು ಸಿಕ್ಕರೆ ಇಂಗ್ಲಿಷ್ ಕಾಗುಣಿತ ಹಿಡಿದು ಹೋಗಬೇಡಿ. ಮಹೇಶಚಂದ್ರ ಬಂದ್ಯೋಪಾಧ್ಯಾಯ ಅಂತ ಮನೆಮಾತಿಗೆ ತಿರುಗಿಸಿ, ಆಮೇಲೆ ಇಂಗ್ಲಿಷಿನವರು ಅದನ್ನು ಎಷ್ಟು ಥರ ಬರೆದಿರಬಹುದು ಅಂತ ಪಟ್ಟಿ ಮಾಡಿ. ಈ ಕೆಲಸದಲ್ಲಿ ನಮಗೆ ಇಂಗ್ಲಿಷಿನವರಿಗಿಂತ ಕೈ ಮೇಲು. ಹೆಸರೇ ಇಲ್ಲದೆ ಪದವಿ ಮಾತ್ರ ಅಚ್ಚಾಗುವುದೂ ಉಂಟು. ಕುದುರೆ ನಡೆಯ ಒಗಟುಗಳ ಬಗ್ಗೆ ಬರೆದ ಇಂಗ್ಲಿಷಿನವರು ‘ರಾಜಾ ಆಫ್ ಮೈಸೂರ್’ ಅಂದರೆ, ಅದು 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು. ನಮಗೆ ಗೊತ್ತು, ಅವರ ಓದುಗನಿಗೆ ಗೊತ್ತಾಗುವುದು ಹೇಗೆ?

ಹೆಜ್ಜೆ 7: ಕೊಂಡಿ ದಾಖಲೆ

ಈಗ ಒಬ್ಬ ಉಳಿದಿದ್ದಾನೆ. ಅವನೇ ಇರಬೇಕು ಅನ್ನಿಸುತ್ತದೆ. ಅನ್ನಿಸಿದರೆ ಸಾಲದು.

ಕೊಂಡಿ ಸಿಗುವ ಜಾಗಗಳು ಇವು. ಸಾವಿನ ಸುದ್ದಿಯಲ್ಲಿ ಚೆಸ್ ಪ್ರಸ್ತಾಪ: ಊರ ಪತ್ರಿಕೆಯ ಸಾವಿನ ಸುದ್ದಿಯಲ್ಲಿ ಕೊನೆಯ ಪ್ಯಾರಾ ತಪ್ಪದೆ ಓದಿ, ಹವ್ಯಾಸಗಳು ಹೆಚ್ಚಾಗಿ ಬರುವುದು ಅಲ್ಲೇ. ಕ್ಲಬ್ ಕಾರ್ಯದರ್ಶಿಯ ವಿಳಾಸ: ಅಂಕಣದಲ್ಲಿ ‘ಇಂಥ ಬೀದಿ, ಇಂಥ ನಂಬರ್‌ಗೆ ಬರೆಯಿರಿ’ ಅಂತಿದ್ದರೆ, ಊರಿನ ವಿಳಾಸಗಳ ಪುಸ್ತಕವಾದ ಕೆಲ್ಲಿ ಡೈರೆಕ್ಟರಿಯ ಅದೇ ವರ್ಷದ ಪ್ರತಿಯಲ್ಲಿ ಆ ಮನೆಯಲ್ಲಿ ಯಾರಿದ್ದರು ನೋಡಿ. ಲೆಸ್ಟರ್ ವಿಶ್ವವಿದ್ಯಾಲಯ ಇಂಥ ಹಳೇ ಡೈರೆಕ್ಟರಿಗಳನ್ನು ಉಚಿತವಾಗಿ ಇಟ್ಟಿದೆ. ಅಂಚೆ ಮೂಲಕ ಆಡುವ ಪಂದ್ಯಾವಳಿಗಳಲ್ಲಿ ಭಾಗವಹಿಸಿದವರ ವಿಳಾಸವನ್ನೇ ಅಚ್ಚು ಹಾಕಿದ್ದುಂಟು. ಪುಸ್ತಕಕ್ಕೆ ಮುಂಗಡ ಹಣ ಕೊಟ್ಟವರ ಪಟ್ಟಿಯಲ್ಲೂ ಊರಿರುತ್ತದೆ. ಉಯಿಲಿನಲ್ಲಿ ಚೆಸ್ ಪುಸ್ತಕಗಳನ್ನೋ ಬಹುಮಾನದ ಬಟ್ಟಲನ್ನೋ ಯಾರಿಗಾದರೂ ಬಿಟ್ಟಿದ್ದರೆ ಕೆಲಸ ಮುಗಿಯಿತು.

ಕೊಂಡಿ ಸಿಗದಿದ್ದರೆ? ಸಿಕ್ಕಷ್ಟನ್ನೇ ಬರೆಯಿರಿ, ಆದರೆ ಮೂರು ದರ್ಜೆ ಮಾಡಿ: ಖಚಿತ, ಬಹುಶಃ, ಊಹೆ. ಪ್ರತಿ ಸಾಲಿನ ಪಕ್ಕ ಪತ್ರಿಕೆ, ದಿನಾಂಕ, ಪುಟ ಇರಲಿ. ಯಾರನ್ನು ಯಾಕೆ ಕೈಬಿಟ್ಟಿರಿ ಅನ್ನುವುದನ್ನೂ ಬರೆಯಿರಿ. ಇದನ್ನು ಯಾರೂ ಬರೆಯುವುದಿಲ್ಲ. ಆಮೇಲೆ ಬಂದವರು ಅದೇ ಜಾನ್ ಓವೆನ್‌ಗಳನ್ನು ಮತ್ತೆ ಮೊದಲಿಂದ ಸೋಸುತ್ತಾ ಕೂರುತ್ತಾರೆ.

ಹೆಜ್ಜೆ 8: ಕೊನೆಗೊಂದು ಪತ್ರ

ಕೆಲವರು ಸಂಸಾರದ ದಾಖಲೆಗಳಲ್ಲಿ ಹೆಚ್ಚು ಸಿಗುವುದೇ ಇಲ್ಲ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಚೆಸ್ ಅಂಕಣಕಾರ ಜಿ. ಇ. ಬಾರ್ಬಿಯೆ ಒಂದು ಅಂತ್ಯಾಟ (ಕೆಲವೇ ಕಾಯಿ ಉಳಿದ ಸ್ಥಿತಿ) ಕೊಟ್ಟ. ಕಪ್ಪು ಡ್ರಾ ಮಾಡಿಕೊಳ್ಳುತ್ತದೆ ಅಂತ ಬರೆದ. ಗ್ಲಾಸ್ಗೋದಲ್ಲೇ ಇದ್ದ ಸ್ಪೇನ್ ಮೂಲದ ಪಾದ್ರಿ ಫರ್ನಾಂಡೋ ಸಾವೇಡ್ರ, ಪದಾತಿಯನ್ನು ರಾಣಿ ಮಾಡುವ ಬದಲು ಆನೆ ಮಾಡಿದರೆ ಬಿಳಿ ಗೆಲ್ಲುತ್ತದೆ ಅಂತ ತೋರಿಸಿದ. ಆ ಒಂದು ನಡೆಯಿಂದ ಅವನ ಹೆಸರು ಇಂದಿಗೂ ಅಂತ್ಯಾಟದ ಪಾಠಗಳಲ್ಲಿದೆ. ಹೆಂಡತಿ ಮಕ್ಕಳಿಲ್ಲದ, ಹೊರದೇಶದಿಂದ ಬಂದ ಇಂಥ ಕ್ಯಾಥೊಲಿಕ್ ಪಾದ್ರಿ ಕ್ರಾಕ್‌ಫರ್ಡ್‌ನಲ್ಲೂ ಸಿಗುವುದಿಲ್ಲ. ಇಂಥವರಿಗೆ ಅವರವರ ಧರ್ಮಸಂಸ್ಥೆ, ಶಾಲೆ, ಕಾಲೇಜು, ರೆಜಿಮೆಂಟಿನ ದಾಖಲೆ ಕೋಣೆಯೇ ಗತಿ.

ಅಲ್ಲಿನ ದಾಖಲೆಪಾಲಕರಿಗೆ ಇಮೇಲ್ ಬರೆಯುವಾಗ ಇಡೀ ಪುರಾಣ ಬೇಡ. ಹೆಸರು ಅಚ್ಚಾದ ರೂಪ, ನಿಮಗೆ ಖಚಿತವಾಗಿ ಗೊತ್ತಿರುವ ಎರಡು ದಿನಾಂಕ, ಆಗ ಅವನಿದ್ದ ಊರು, ಮತ್ತು ಒಂದೇ ಪ್ರಶ್ನೆ. ‘ಇವರ ಬಗ್ಗೆ ಏನಾದರೂ ಇದೆಯಾ’ ಅಂದರೆ ‘ಇಲ್ಲ’ ಅನ್ನುವ ಉತ್ತರ ಬರುವುದೇ ಜಾಸ್ತಿ. ‘1895ರಲ್ಲಿ ನಿಮ್ಮ ಗ್ಲಾಸ್ಗೋ ಮಠದಲ್ಲಿದ್ದವರ ಪಟ್ಟಿಯಲ್ಲಿ ಈ ಹೆಸರಿದೆಯಾ’ ಅಂತ ಕೇಳಿ. ಪತ್ರಿಕೆಯ ಆ ತುಣುಕಿನ ಚಿತ್ರವನ್ನೂ ಜೊತೆಗೆ ಕಳಿಸಿ.